ನೀನು ಗಾಳಿ ಕೊಟ್ಟ ಸಸಿಗಳು

ಅಯ್ಯಾ ಧರ್ಮರಾಯ,

ಎದ್ದ ಕೂಡಲೇ ಇದನ್ನು ಓದು. ನಾನು ಕಾಲೇಜಿನ ಹಸಿರುಮನೆಗೆ ಹೊರಟಿದ್ದೇನೆ. ಶನಿವಾರ, ಭಾನುವಾರ ಅಲ್ಲಿ ಸಸಿ ನೋಡಿಕೊಳ್ಳುವ ಪಾಳಿ ನಿನ್ನದೇ, ಆದರೆ ಬೀಗದ ಕೈ ಇನ್ನು ನಿನಗೆ ಸಿಗುವುದಿಲ್ಲ.

ಅಡುಗೆ ಮಾಡಿಲ್ಲ, ನೀನೇ ಮಾಡಿಕೋ. ಬಚ್ಚಲಲ್ಲಿ ನೆನೆಸಿಟ್ಟ ಬಟ್ಟೆ ಒಗೆದು ಹರವು. ಅದಕ್ಕೆ ಬೇಕಾದಷ್ಟು ಗಾಳಿ ಕೊಡು.

ಬದನೆ ಬೇರಿಗೆ ಟೊಮೆಟೊ ಕುಡಿ ಕೂಡಿಕೊಳ್ಳುವ ತನಕ ಪ್ಲಾಸ್ಟಿಕ್ ಹೊದಿಕೆ ತೆಗೆಯಬಾರದು, ಗಾಳಿ ತಾಗಿದರೆ ಕಸಿ ಬಾಡುತ್ತದೆ ಅಂತ ಬಾಯಿ ಬಡಿದುಕೊಂಡು ಹೇಳಿದ್ದೆ. ನಿನಗೆ ಅವು ಒಳಗೆ ಉಸಿರುಕಟ್ಟಿ ಬೆವರುತ್ತಿರುವ ಹಾಗೆ ಕಂಡವಂತೆ. ನಿನ್ನೆ ತೆಗೆದೇಬಿಟ್ಟೆ. ಸಂಜೆ ನಾನು ಬರುವಷ್ಟರಲ್ಲಿ ಎಲ್ಲವೂ ಕತ್ತು ಚೆಲ್ಲಿದ್ದವು. "ಪಾಪ, ಅವಕ್ಕೆ ಸೆಕೆ ಆಗ್ತಿತ್ತು ಕಣಕ್ಕ" ಅಂದೆಯಲ್ಲ, ತೋಟಗಾರಿಕೆ ಓದುವವನ ಬಾಯಲ್ಲಿ ಬರುವ ಮಾತೇನೋ ಅದು?

ನಾಳೆ ಪರೀಕ್ಷಕರು ಬರುತ್ತಾರೆ. ನನ್ನ ಇಡೀ ವರ್ಷದ ಕೆಲಸ ಅಂದರೆ ಆ ಸಸಿಗಳೇ. ಇವತ್ತು ಹೊಸದಾಗಿ ಕಸಿ ಕಟ್ಟಿದರೂ ನಾಳೆಗೆ ಕೂಡುವುದಿಲ್ಲ, ಗೊತ್ತು. ಆದರೂ ಕಟ್ಟುತ್ತೇನೆ. ಮನೆಯಲ್ಲಿ ಕೂತು ನಿನ್ನ ಮುಖ ನೋಡುವುದಕ್ಕಿಂತ ಅದೇ ವಾಸಿ.

ಅಮ್ಮ ಆಗಲೇ ನಿನ್ನ ಪರ ವಕಾಲತ್ತು ವಹಿಸಿದ್ದಾಳೆ: "ಒಳ್ಳೆ ಮನಸ್ಸಿಂದ ಮಾಡ್ದ ಕಣೇ, ಬಿಟ್ಬಿಡು." ಬಿಡುವುದಿಲ್ಲ. ಈ ಹುಡುಗಿಗೆ ಕಸಿ ಕಟ್ಟಲು ಬರುವುದಿಲ್ಲ ಎಂದು ಪರೀಕ್ಷಕರು ತೀರ್ಮಾನಿಸುವ ಮುಂಚೆ, ಹೊದಿಕೆ ತೆಗೆದವನು ನಾನು ಅಂತ ನೀನೇ ಬಂದು ಹೇಳಬೇಕು.

ಅಲ್ಲಿ ಅಳಬೇಡ. ನೀನು ಅತ್ತರೆ ಅವರೂ ನಿನ್ನನ್ನೇ ಸಮಾಧಾನ ಮಾಡುತ್ತಾರೆ.

ಅಕ್ಕ