ಕಿವಿಯಲ್ಲಿ ಹೇಳಬೇಕಾದ ಹೆಸರು

ಉದ್ದನಪಲ್ಲಿ
9-12-2007

ಸೌಭಾಗ್ಯವತಿ ಸಿಂಧುವಿಗೆ ನಿನ್ನ ಪಾಪಣ್ಣ ಮಾವನ ಆಶೀರ್ವಾದಗಳು.

ಇಲ್ಲಿ ನನ್ನ ಮಂಡಿಯೊಂದನ್ನು ಬಿಟ್ಟು ಎಲ್ಲರೂ ಕ್ಷೇಮ. ಬರೆಯಲು ಎರಡು ತಿಂಗಳು ತಡವಾಯಿತು. ರಾಗಿ ಕೊಯ್ಲಿತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಮೆದೆ ಒಟ್ಟಿ ಹತ್ತು ದಿನವಾಯಿತೆಂದು ನಿನ್ನವ್ವ ಚೆನ್ನಮ್ಮ ಹೇಳಿಯೇ ಇರುತ್ತಾಳೆ. ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿದ ಕೈ, ತಮಿಳು ಅರ್ಜಿಗಳಿಗೆ ಸಹಿ ಹಾಕಿ ಹಾಕಿ ತುಕ್ಕು ಹಿಡಿದಿದೆ. ಹೊಂದಿಸಿಕೊಂಡು ಓದು.

ಮೊದಲು ನನ್ನ ಸಾಹಸ ಕೇಳು. ಹೋದ ವಾರ ಬೆಳಗಾಗುವ ಹೊತ್ತಿಗೆ ಸಾನಮಾವು ಕಾಡಿನ ಕಡೆಯಿಂದ ಮೂರು ಆನೆ ನಮ್ಮ ಮೆದೆಯ ಹತ್ತಿರ ಬಂದವು. ಊರೆಲ್ಲ ತಗಡು, ಪಟಾಕಿ ಹುಡುಕುತ್ತಿದ್ದರೆ ನಾನು ಒಂದೇ ಸಲ ಕೂಗಿದೆ. ತಿರುಗಿ ಹೊರಟವು. ಪಕ್ಕದ ಹೊಲದ ನಂಜಪ್ಪ, "ನಿನ್ ಗಂಟ್ಲಿಗಲ್ಲ ಕಣ್ಲಾ, ನಿನ್ ಮುಖ ನೋಡಿ ಹೋದ್ವು" ಅಂದ. ಹೊಟ್ಟೆಕಿಚ್ಚು.

ಆ ಗಂಟಲಿನ ವಿಷಯಕ್ಕೇ ಬರುತ್ತೇನೆ.

ನಿನ್ನಣ್ಣ ಕೆಂಪರಾಜುವಿನ ಮಗಳಿಗೆ ಹೆಸರಿಟ್ಟ ದಿನ ತೊಟ್ಟಿಲಿಗೆ ಬಗ್ಗಿ ಮೂರು ಸಲ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ನೀನು. ನಿನ್ನ ಗಂಡ ಯತಿರಾಜ ತೋಳು ಹಿಡಿದು ನಿಂತಿದ್ದ. ನಿನ್ನ ತುಟಿ ಅಲುಗಿತು, ಸ್ವರ ಹೊರಡಲಿಲ್ಲ. "ಗಟ್ಟಿಯಾಗೇಳಮ್ಮಿ" ಎಂದಳು ನಮ್ಮ ಮನೆಯವಳು ಭಾಗ್ಯಮ್ಮ. ಎರಡನೇ ಸಲ ಏನೋ ಎಳೆದೆಳೆದು ಬಂತು. "ಏನಮ್ಮಿ, ಬೆಳಿಗ್ಗೇನೇ ಹಾಕ್ಬುಟ್ಟಿದ್ದೀಯಾ?" ಎಂದು ನಾನು ಮನೆಯನ್ನೆಲ್ಲ ನಗಿಸಿದೆ. ಆಮೇಲೆ, "ಬುಡವ್ವ, ನಿನ್ ಮಾವ ಇಲ್ವಾ" ಎಂದು ನಿನ್ನನ್ನು ಸರಿಸಿ, ಮೂರು ಸಲ 'ಭಾನು' ಎಂದು ಕೂಗಿದೆ. ರಾಯಕೋಟೆ ರಸ್ತೆಗೂ ಕೇಳಿಸಿರಬೇಕು. ಮಗು ಬೆಚ್ಚಿ ಅತ್ತಿತು. ನಿನ್ನ ಮಾನ ಉಳಿಸಿದೆನೆಂದು ಬೀಗಿ ಎರಡು ಒಬ್ಬಟ್ಟು ಹೆಚ್ಚಿಗೆ ತಿಂದೆ. ನೀನು ಎಲೆಯ ಮುಂದೆ ಕೂರಲೇ ಇಲ್ಲ.

ಅಂದಿನಿಂದ ನಾನು ಫೋನು ಮಾಡಿದರೆ ಯತಿರಾಜನೇ ಎತ್ತುತ್ತಾನೆ. ಮೊನ್ನೆ ಹೊಸೂರಿಗೆ ಬಂದು ಅವನ ಫ್ಯಾಕ್ಟರಿ ಗೇಟಿನಲ್ಲಿ ಕಾದೆ. ನಿನಗೆ ಕಾಲಿನ ಬಲಹೀನತೆ ಎಂದಷ್ಟೇ ನನಗೆ ಗೊತ್ತಿತ್ತು. ಟೀ ಅಂಗಡಿಯಲ್ಲಿ ಕೂತು ಅವನು ಕಾಯಿಲೆಯ ಹೆಸರು ಬರೆದು ಕೊಟ್ಟ: ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲಿನ ಪೊರೆ ಹಾಳಾಗುತ್ತದಂತೆ. ಮೋಟರಿನ ವೈರನ್ನು ಇಲಿ ಕಡಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. "ಈಗ ಗಂಟ್ಲಿಗೂ ಬಂದೈತೆ ಮಾವ. ಉಸಿರು ಸಾಲಲ್ಲ, ನಾಲಿಗೆ ತೊಡರ್ತದೆ, ದಣಿದ್ರೆ ದನಿ ಇನ್ನೂ ಕಮ್ಮಿ. ಆದ್ರೆ ಜನ ಅನ್ನೋದೆಲ್ಲ ಅವಳಿಗೆ ಕೇಳಿಸ್ತದೆ" ಅಂದ. ಕೊನೆಯ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಭಾನುವಿಗೆ ಕಿವಿ ಚುಚ್ಚಿಸುತ್ತಾರೆ. ನೀನು ಬರಬೇಕು. ಅವತ್ತು ಪಾಯಸಕ್ಕಲ್ಲದೆ ನಾನು ಬಾಯಿ ತೆರೆಯುವುದಿಲ್ಲ. ನಿನ್ನ ಉಸಿರು ನಿನಗೆ ಸಾಲುವಷ್ಟಾದರೂ ಇರಲಿ ಎಂದು ಮುನೇಶ್ವರನಿಗೆ ಕೈ ಮುಗಿದಿದ್ದೇನೆ.

ಇಂತಿ ನಿನ್ನ ಸೋದರಮಾವ,
ಪಾಪಣ್ಣ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಹೆದರಿದ್ದೆ. ಒಂದೇ ಉಸಿರಿಗೆ ಸಿಗುತ್ತದೆಂದು ಆ ಹೆಸರನ್ನು ಆರಿಸಿದವಳು ನೀನೇ ಅಂತೆ, ಯತಿರಾಜ ಹೇಳಿದ. ಬೆಂಗಳೂರಿನಲ್ಲಿ ಮಾತು ಕಲಿಸುವ ಮೇಡಮ್ಮಿನ ಹತ್ತಿರ ಆ ದಿನಕ್ಕೆ ಮುಂಚೆ ಎರಡು ತಿಂಗಳು ಅದನ್ನೇ ಹೇಳಿ ಹೇಳಿ ರೂಢಿ ಮಾಡಿಕೊಂಡೆಯಂತೆ. ಸಿಂಧು, ಆ ಎರಡನೇ ಸಲ ನೀನು ಹೇಳಿದ್ದು ನನಗೆ ಕೇಳಿಸಿತ್ತು. 'ಭಾನು' ಎಂದೇ ಕೇಳಿಸಿತ್ತು. ಮಗು ಅಳದೆ ನಿನ್ನನ್ನೇ ನೋಡುತ್ತಿತ್ತು. ಆದರೆ ನನ್ನ ಮಾತಿಗೆ ನಕ್ಕವರು ಇನ್ನೂ ನಗುತ್ತಿದ್ದರು. ಆ ನಗು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ಕೂಗಿದೆ.