ಮನೆಯಲ್ಲಿ ಕೇಳಿ ಹೇಳುತ್ತೇನೆ

ನಮ್ಮ ಮನೆ,
ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಆ ಮನೆಯಲ್ಲಿ ಮಹಡಿಗೆ ಹದಿನೆಂಟು ಮೆಟ್ಟಿಲು ಎಂದು ಬರೆದಿದ್ದೆ. ಹತ್ತಿ ಇಳಿಯುವುದು ಕಡಿಮೆ ಮಾಡು, ಬೇಕಾದ್ದನ್ನು ಭಾವನವರ ಕೈಲಿ ತರಿಸಿಕೋ. ಐವತ್ತನಾಲ್ಕನೇ ವಯಸ್ಸಿಗೆ ಮದುವೆಯಾದದ್ದಕ್ಕೆ ಅಷ್ಟಾದರೂ ಪ್ರಯೋಜನ ಬೇಡವೇ. ಅವರ ಕೆಮ್ಮು ಹೋಗಿದೆ ಅಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಮೇಲೆ 'ನಮ್ಮ ಮನೆ' ಎಂದು ಬರೆದದ್ದು ಅಭ್ಯಾಸಬಲ. ನೀನು ಹೋಗಿ ಎಂಟು ತಿಂಗಳಾದರೂ 'ನನ್ನ ಮನೆ' ಎಂದು ಬರೆಯಲು ಕೈ ಬರುತ್ತಿಲ್ಲ.

ಸುದ್ದಿ ಏನೆಂದರೆ, ಫ್ರಿಜ್ ಕೈಕೊಟ್ಟಿದೆ. ನೀನು ಹೆಸರಿಟ್ಟ ಗೊರಕೆರಾಯರು ಬುಧವಾರದಿಂದ ಉಸಿರೆತ್ತಿಲ್ಲ. ಸಂಜೆ ಅಂಗಡಿಯಿಂದ ಬಂದು ನೋಡಿದರೆ ಹಾಲು ಒಡೆದಿತ್ತು, ಐಸ್ ಕರಗಿ ಅಡುಗೆಮನೆಯೆಲ್ಲ ನೀರು. ನಿನ್ನ ಹಳೇ ಟವೆಲ್ಲುಗಳಿಂದಲೇ ಒರೆಸಿದೆ, ಬೈಯಬೇಡ. ಈಗ ಅಮ್ಮ ಮಾಡುತ್ತಿದ್ದ ಹಾಗೆ ಬೋಗುಣಿಯಲ್ಲಿ ತಣ್ಣೀರು ಹಾಕಿ, ಅದರಲ್ಲಿ ಹಾಲಿನ ಪಾತ್ರೆ ಇಟ್ಟು, ಮೇಲೆ ಒದ್ದೆಬಟ್ಟೆ ಹೊದಿಸುತ್ತಿದ್ದೇನೆ. ಇಪ್ಪತ್ತೊಂದು ವರ್ಷ ಆ ಫ್ರಿಜ್ಜಿನ ಸದ್ದಿಗೆ ನೀನು ಬೈದೆ, ನಾನು ಅದರ ಪರ ವಹಿಸಿಕೊಂಡೆ. ಅದು ಸುಮ್ಮನಾದ ಮೇಲೇ ನನಗೆ ತಿಳಿದದ್ದು, ನೀನು ಹೋದಮೇಲೆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಅದೊಂದೇ. ಮೇಲಿನ ಮನೆಯ ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಡುವುದೂ ಈಗ ಕೇಳಿಸುತ್ತದೆ. ರೇಡಿಯೋ ಹಾಕಿಡುತ್ತೇನೆ. ಕೇಳುವುದಕ್ಕಲ್ಲ, ಯಾರಾದರೂ ಮಾತಾಡುತ್ತಿರಲಿ ಎಂದು.

ಗುರುವಾರ ಫ್ರಿಜ್ ರಿಪೇರಿಯವರು ಬಂದಿದ್ದರು. ಅದನ್ನು ಗೋಡೆಯಿಂದ ಎಳೆದು, ಹಿಂದೆ ಕುಕ್ಕರಗಾಲಲ್ಲಿ ಕೂತು, ತುಂಬ ಹೊತ್ತು ಪರೀಕ್ಷೆ ಮಾಡಿ, ಎದ್ದಾಗ ಥೇಟ್ ಡಾಕ್ಟರರ ಮುಖ. "ಕಂಪ್ರೆಸರ್ ಹೋಗಿದೆ ಮೇಡಂ. ಬೇರೆ ಹಾಕ್ಸಿದ್ರೆ ಇನ್ನೊಂದೆರಡು ವರ್ಷ ತಳ್ಳುತ್ತೆ. ಹೊಸದು ತಗೊಂಡ್ರೆ ಹತ್ತು ವರ್ಷ ತಿರುಗಿ ನೋಡ್ಬೇಕಾಗಿಲ್ಲ" ಅಂದರು. ಹೊಸದಾದರೆ ಎಷ್ಟು ದೊಡ್ಡದು ಬೇಕೆಂದು ತಿಳಿಯಲು, ಮನೇಲಿ ಎಷ್ಟು ಜನ ಅಂತ ಕೇಳಿದರು. "ಇಬ್ರು" ಅಂದುಬಿಟ್ಟೆ. ಬಾಯಿಂದ ಬಂದುಹೋಯಿತು, ತಿದ್ದೋಣವೆಂದರೆ ಮನಸ್ಸಾಗಲಿಲ್ಲ. ಸಿಂಕಿನಲ್ಲಿ ಒಂದೇ ಲೋಟ, ಒಂದೇ ತಟ್ಟೆ ಇದ್ದದ್ದನ್ನು ಅವರು ನೋಡಿರಬಹುದು, ಪಾಪ, ಇಬ್ಬರೆಂದೇ ಬರೆದುಕೊಂಡರು. ಹೊರಡುವಾಗ, "ಅರ್ಜೆಂಟೇನಿಲ್ಲ, ಮನೇಲಿ ಒಂದು ಮಾತು ಕೇಳಿ ಹೇಳಿ" ಅಂದರು. ನಾನೂ ದೊಡ್ಡ ಸಂಸಾರಸ್ಥಳ ಹಾಗೆ "ಕೇಳಿ ಹೇಳ್ತೀನಿ" ಎಂದು ಬಾಗಿಲು ಹಾಕಿಕೊಂಡೆ. ಹಾಕಿಕೊಂಡು, ತಿರುಗಿ, ಯಾರನ್ನು ಕೇಳಲಿ ಎಂದು ನಿಂತೆ. ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಅದಕ್ಕೇ ಈ ಕಾಗದ.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತ ಇಡೀ ದಿನ ನನ್ನದು ಒಂದೇ ಮಾತು: ಈ ಗಾಜು ಚೆನ್ನಾಗಿದೆಯಾ, ಹಿಂದಿನದು ಚೆನ್ನಾಗಿತ್ತಾ? ಜನ ತಡವರಿಸಿದರೆ ಒಳಗೊಳಗೇ ರೇಗುತ್ತೇನೆ, ಅಷ್ಟೂ ಗೊತ್ತಾಗುವುದಿಲ್ಲವೇ ಎಂದು. ಈಗ ನನ್ನ ಸರದಿ ಬಂದಿದೆ, ನನಗೆ ಗೊತ್ತಾಗುತ್ತಿಲ್ಲ. ನಿನ್ನೆ ಹೊಸ ಫ್ರಿಜ್ಜುಗಳನ್ನೂ ನೋಡಿಬಂದೆ. ಅಲ್ಲಿನ ಹುಡುಗಿಯೂ ಹತ್ತು ವರ್ಷದ ಮಾತನ್ನೇ ಎತ್ತಿದಳು, ಅವಳಿಗೆ ಅದು ಸಂತೋಷದ ವಿಷಯ. ನನಗೆ ಹೆದರಿಕೆಯಾಯಿತು ಅಕ್ಕ. ಇದೇ ಅಡುಗೆಮನೆಯಲ್ಲಿ, ಒಬ್ಬಳಿಗೇ ಹಾಲು ಕಾಯಿಸಿಕೊಂಡು ಹತ್ತು ವರ್ಷ.

ಹೋದ ತಿಂಗಳ ಕಾಗದದಲ್ಲಿ ಭಾವನವರು, "ನೀವೂ ಇಲ್ಲಿಗೇ ಬಂದುಬಿಡಿ, ಹಿಂದಿನ ಕೋಣೆ ಖಾಲಿಯಿದೆ" ಎಂದು ಬರೆದಿದ್ದರಲ್ಲ. ಅಂಗಡಿ ಬಿಟ್ಟು ಹೇಗೆ ಬರಲಿ ಎಂದು ತಮಾಷೆ ಮಾಡಿ ತಪ್ಪಿಸಿಕೊಂಡಿದ್ದೆ. ಅದು ನೆಪ. ಕನ್ನಡಕ ಎಲ್ಲ ಊರಲ್ಲೂ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಬರುವುದಾದರೆ ರಿಪೇರಿಯೂ ಬೇಡ, ಹೊಸದೂ ಬೇಡ, ಗೊರಕೆರಾಯರನ್ನು ಗುಜರಿಗೆ ಹಾಕಿ ಬರಬಹುದು. ಇಲ್ಲೇ ಇರುವುದಾದರೆ ಹೊಸದು ತರಬೇಕು. ರಿಪೇರಿ ಮಾಡಿಸಿದರೆ, ಇದನ್ನೇ ಎರಡು ವರ್ಷ ಯೋಚಿಸುತ್ತ ಕೂರುತ್ತೇನೆ. ರಿಪೇರಿಯವರಿಗೆ ಮುಂದಿನ ಭಾನುವಾರ ಹೇಳುತ್ತೇನೆ ಎಂದಿದ್ದೇನೆ, ಅಷ್ಟರೊಳಗೆ ನಿನ್ನ ಉತ್ತರ ಬಂದರೆ ಒಳ್ಳೆಯದು.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನೀನು ಔಷಧಿ ಮರೆಯಬೇಡ, ಮರೆತರೆ ನೆನಪಿಸುವುದಕ್ಕೆ ನಾನು ಪಕ್ಕದಲ್ಲಿಲ್ಲ.

ನಿನ್ನ ತಂಗಿ,
ವಟವಟ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಬಂದುಬಿಡಿ ಎಂದು ಬರೆದದ್ದು ಭಾವನವರ ಅಕ್ಷರ. ಅದರ ಕೆಳಗೆ ನೀನು 'ಆರೋಗ್ಯ ನೋಡಿಕೋ' ಎಂದಷ್ಟೇ ಬರೆದಿದ್ದೆ. ಕಾಗದ ತಿರುಗಿಸಿಯೂ ನೋಡಿದೆ, ಅಷ್ಟೇ ಇತ್ತು. ಅಮ್ಮ ಹೋದಮೇಲೆ ಮೂವತ್ತು ವರ್ಷ ನನ್ನನ್ನು ಸಾಕಿದ್ದೀಯ, ಸಾಕಾಗಿದ್ದರೆ ಅದರಲ್ಲಿ ತಪ್ಪೇನಿಲ್ಲ. ಬಾ ಎಂದು ನೀನು ಬರೆದರೆ ಬರುತ್ತೇನೆ. ಬೇಡವೆನಿಸಿದರೆ ಕಾರಣ ಹುಡುಕಲು ಹೋಗಬೇಡ, ಫ್ರಿಜ್ ವಿಷಯ ಮಾತ್ರ ಬರಿ. ನನಗೆ ಗೊತ್ತಾಗುತ್ತದೆ.