ಕುಂಕುಮದ ಮೇಲೆ ಹಿಟ್ಟು

ಮಂಗಳ ಗ್ರಹ, ಕೆಂಪುಬಯಲು
ಕ್ರಿ.ಶ. ೨೧೭೧, ಮಹಾನವಮಿಯ ಸಂಜೆ

ಹರಿಹರದ ಹಿಟ್ಟಿನ ಗಿರಣಿಯ ಹಾಲಮ್ಮಜ್ಜಿಯವರಿಗೆ,

ನಿಮ್ಮ ಆರನೇ ತಲೆಮಾರಿನ ಮೊಮ್ಮಗಳು ತುಂಗೆಯ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದ ಅಂಚೆ ಹಿಂದಿನ ಕಾಲಕ್ಕೂ ಹೋಗುತ್ತದೆ. ಅಜ್ಜಿ ಎಂದು ಕರೆದರೂ ಇದನ್ನು ಓದುವಾಗ ನಿಮಗೆ ಮೂವತ್ತೂ ದಾಟಿರುವುದಿಲ್ಲ, ನನಗೆ ಅರವತ್ತೊಂದು. ನನ್ನ ಕನ್ನಡ ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ಅದನ್ನಾಡುವವರು ನಲವತ್ತೆರಡೇ ಜನ.

ನಾನು ನೋಡಿಕೊಳ್ಳುವುದು ಉಸಿರುಗಿರಣಿಯನ್ನು. ಇಲ್ಲಿಯ ಗಾಳಿ ಉಸಿರಾಟಕ್ಕೆ ಬರುವುದಿಲ್ಲ. ಅದನ್ನು ಒಳಗೆಳೆದು ನಮಗೆ ಬೇಕಾದಷ್ಟನ್ನು ಬೇರ್ಪಡಿಸಿ ಕೊಡುವ ಯಂತ್ರ ಅದು. ಗಿರಣಿ ಎಂಬ ಹೆಸರು ಬಂದದ್ದು ನಿಮ್ಮ ಫೋಟೊದಿಂದ. ನಮ್ಮ ಹಿರಿಯರು ಊರಿನಿಂದ ತಂದ ಹಬ್ಬದ ಚಿತ್ರ ಅದೊಂದೇ. ಯಂತ್ರಕ್ಕೆ ಚೆಂಡುಹೂವಿನ ಹಾರ, ಕುಂಕುಮ, ಪಕ್ಕದಲ್ಲಿ 'ಇವತ್ತು ಗಿರಣಿ ಬಂದ್' ಎಂಬ ಬೋರ್ಡು. ಮುಂದೆ ನೀವು, ಬಲಗಾಲಿಗೆ ಮಾತ್ರ ಚಪ್ಪಲಿ. ಹಾಗಾಗಿ ಆಯುಧಪೂಜೆಯ ದಿನ ನಾವೆಲ್ಲ ಎಡಗಾಲಿನ ಚಪ್ಪಲಿ ಬಿಡುತ್ತೇವೆ. ಪಕ್ಕದ ಸುರಂಗದ ಜಪಾನಿನವರೂ ಬಂದು, ಏಕೆಂದು ಕೇಳದೆ, ಒಂದು ಕಾಲು ಬರಿದು ಮಾಡಿಕೊಂಡು ನಿಲ್ಲುತ್ತಾರೆ. ಇದು ಶಾಸ್ತ್ರವೋ, ಇಲ್ಲ ಆ ದಿನ ನಿಮ್ಮ ಚಪ್ಪಲಿ ಕಿತ್ತುಹೋಗಿತ್ತೋ? ನನಗೆ ಬಹಳ ದಿನದ ಅನುಮಾನ. ಬೂದುಗುಂಬಳ ಇಲ್ಲಿ ಬೆಳೆಯದು, ಬೀಟ್‌ರೂಟ್ ಒಡೆಯುತ್ತೇವೆ. ಆಮೇಲೆ ಒಂದು ಚೂರೂ ಬಿಡದೆ ಬಳಿದುಕೊಂಡು ಸಾರು ಮಾಡುತ್ತೇವೆ.

ಬೋರ್ಡಿನ ಮಾತನ್ನೂ ಪಾಲಿಸುತ್ತೇವೆ. ವರ್ಷಕ್ಕೊಮ್ಮೆ ಒಂದು ತಾಸು ಉಸಿರುಗಿರಣಿ ಬಂದ್. ಎದೆ ಭಾರವಾಗುತ್ತದೆ, ಮತ್ತೆ ಯಂತ್ರ ಗುಂಯ್ ಎಂದಾಗ ಎಲ್ಲರೂ ನಗುತ್ತೇವೆ. ಆದರೆ ಈ ಸಲ ಕುಸುಮಿ ಎಂಬ ನೆರೆಯವಳ ಹದಿನೆಂಟು ದಿನದ ಕೂಸಿಗೆ ಶ್ವಾಸಕೋಶ ಬಲಿತಿಲ್ಲ. ಆ ಒಂದು ತಾಸನ್ನು ಅದು ತಡೆಯಲಾರದು ಎಂದರು ವೈದ್ಯರು. ನಮ್ಮಲ್ಲಿ ಹಿರಿಯರಾದ ಗುರುಪಾದಜ್ಜ ಒಪ್ಪಲಿಲ್ಲ. "ವರ್ಷಪೂರ್ತಿ ದುಡಿತತಿ. ಅದಕ್ಕೂ ಒಂದ್ ತಾಸು ರಜೆ ಬ್ಯಾಡೇನ್ರವ್ವ?" ಎಂದರು. ಕುಸುಮಿ ಕೂಸನ್ನು ಎದೆಗವಚಿಕೊಂಡೇ ಕೇಳಿದಳು: "ಅಜ್ಜಾ, ಹಂಗಾರೆ ನನ್ ಕೂಸೂ ಉಸಿರಾಡಾಕೆ ರಜೆ ಹಾಕ್ಬೇಕಾ?"

ಯಂತ್ರ ನಿಲ್ಲಿಸುವ ಗುಂಡಿ ಇದ್ದದ್ದು ನನ್ನ ಕೈಯಲ್ಲಿ. ಪದ್ಧತಿ ಮುರಿಯುವ ಧೈರ್ಯ ನನಗಿರಲಿಲ್ಲ, ಕೂಸಿನ ಮುಖ ನೋಡಿ ಗುಂಡಿ ಒತ್ತುವ ಧೈರ್ಯವೂ ಇರಲಿಲ್ಲ. ಇಂಥ ಬೋರ್ಡು ಬರೆದಿಟ್ಟ ನಿಮ್ಮ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ.

ನಿಮ್ಮ ಹಿಂದೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಅವಳ ಸೊಂಟದ ಮೇಲಿನ ಡಬ್ಬಿಗೆ ಮುಚ್ಚಳವಿಲ್ಲ, ಕಂಠಮಟ್ಟ ಹಿಟ್ಟು. ನಿಮ್ಮ ರೆಪ್ಪೆಯ ಮೇಲೆ ಹಿಟ್ಟು. ಯಂತ್ರಕ್ಕೆ ಹಚ್ಚಿದ ಕುಂಕುಮದ ಮೇಲೂ ತೆಳ್ಳಗೆ ಹಿಟ್ಟು ಕೂತಿದೆ. ಅಂದರೆ ಪೂಜೆಯಾದ ಮೇಲೆ, ಆ ಬೋರ್ಡು ಇದ್ದ ಹಾಗೆಯೇ, ಆಕೆಗಾಗಿ ನೀವು ಗಿರಣಿ ಓಡಿಸಿದ್ದೀರಿ! ಅಷ್ಟು ತುರ್ತು ಏನಿತ್ತು ಆಕೆಗೆ? ಮನೆಯಲ್ಲಿ ಯಾರು ಹಸಿದಿದ್ದರು?

ಗುರುಪಾದಜ್ಜನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಎಡಗಾಲಿನ ಚಪ್ಪಲಿ ಬಿಟ್ಟು, ಓಡುತ್ತಿದ್ದ ಯಂತ್ರಕ್ಕೇ ಬೀಟ್‌ರೂಟಿನ ಬೊಟ್ಟಿಟ್ಟು, "ಓಡವ್ವಾ, ಓಡು" ಎಂದರು.

ಅಜ್ಜಿ, ಈ ಪತ್ರ ತಲುಪುವಾಗ ಆ ಫೋಟೊ ಇನ್ನೂ ತೆಗೆದಿರುವುದಿಲ್ಲ. ಚಪ್ಪಲಿ ಸಿಕ್ಕರೆ ಹಾಕಿಕೊಳ್ಳಿ, ನಿಮ್ಮಿಷ್ಟ. ಆಗ ನಮ್ಮ ಎಡಗಾಲಾದರೂ ಬೆಚ್ಚಗಿರುತ್ತದೆ. ಆದರೆ ಫೋಟೊ ತೆಗೆಯುವವರು ಆ ಹೆಂಗಸಿಗೆ ಪಕ್ಕಕ್ಕೆ ಸರಿಯಲು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆಕೆ ಬಾಗಿಲಲ್ಲೇ ನಿಂತಿರಲಿ. ಕುಸುಮಿಯ ಕೂಸು ನನ್ನ ಪಕ್ಕದಲ್ಲೇ ಮಲಗಿದೆ. ಅದು ಉಸಿರಾಡುವ ಸದ್ದು ನನಗೆ ಕೇಳುತ್ತಿದೆ.

ನಿಮ್ಮ
ತುಂಗೆ